ಅಗ್ರೇ ಹೋಗಿ ಅಗ್ನೇಃ ಆದಾಗ

ಮಾಸ್ತಿಕಲ್ಲು ಕಂಡಲ್ಲಿ ಒಂದು ನಿಮಿಷ ನಿಂತು ನೋಡಿ. ಕಂಬದಿಂದ ಹೊರಚಾಚಿದ ಒಂದು ತೋಳು ಮೊಣಕೈಯಲ್ಲಿ ಬಾಗಿ ಮೇಲೆದ್ದಿರುತ್ತದೆ. ಬಿಚ್ಚಿದ ಅಂಗೈ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಮುಂಗೈಯಲ್ಲಿ ಒಡೆಯದ ಬಳೆ. ಚಿತೆ ಏರಿದವಳು ವಿಧವೆಯಾಗಲೇ ಇಲ್ಲ, ಮುತ್ತೈದೆಯಾಗಿಯೇ ಹೋದಳು ಎನ್ನುತ್ತದೆ ಆ ಬಳೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆ ಹೀಗೆ ಬೆಂಕಿಗೆ ನಡೆದದ್ದು 1057ರಲ್ಲಿ. ಹೆತ್ತವರು ತಡೆದರೂ ನಿಲ್ಲಲಿಲ್ಲವೆಂದು ಶಾಸನ ಹೇಳುತ್ತದೆ.

ಸಹಗಮನದ ಪದ್ಧತಿ ಹಳೆಯದು. ಅದಕ್ಕೆ ವೇದದ ಮುದ್ರೆ ಬಿದ್ದ ಬಗೆ ಬೇರೆಯೇ ಕಥೆ.

ಋಗ್ವೇದದ ಹತ್ತನೇ ಮಂಡಲ, 18ನೇ ಸೂಕ್ತದ ಏಳನೇ ಮಂತ್ರ ಸಾವಿನ ಮನೆಯದು. ಗಂಡ ಬದುಕಿರುವ ಹೆಂಗಸರು ಅಂಜನ ಹಚ್ಚಿಕೊಂಡು, ಕಣ್ಣೀರಿಲ್ಲದೆ, ಮೊದಲು ಮನೆಯೊಳಗೆ ಬರಲಿ ಎಂಬುದು ಸಾರ. ‘ಮೊದಲು’ ಎಂಬುದಕ್ಕೆ ಅಲ್ಲಿರುವ ಪದ ‘ಅಗ್ರೇ’. 16ನೇ ಶತಮಾನದ ಬಂಗಾಳದ ಧರ್ಮಶಾಸ್ತ್ರಕಾರ ರಘುನಂದನನ ಗ್ರಂಥದ ಪಾಠದಲ್ಲಿ ಅದು ‘ಅಗ್ನೇಃ’ ಎಂದಿದೆ. ರ ಒತ್ತಿನ ಜಾಗಕ್ಕೆ ನ ಒತ್ತು, ಪಕ್ಕಕ್ಕೊಂದು ವಿಸರ್ಗ. ಮನೆಯೊಳಗೆ ಬರಬೇಕಾದ ಹೆಂಗಸರು ಬೆಂಕಿಯ ಕಡೆ ತಿರುಗಿದರು.

ಬೇಕೆಂದೇ ತಿದ್ದಿದರೋ, ಲಿಪಿಕಾರನ ಕೈ ತಪ್ಪಿತೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ತಿದ್ದಿದವರಿಗಿಂತ ಓದಿದವರನ್ನು ನೆನೆದರೆ ನನಗೆ ಹೆಚ್ಚು ಸಂಕಟ. ಮಂತ್ರ ಶುರುವಾಗುವುದೇ ವಿಧವೆಯರಲ್ಲದವರನ್ನು ಕುರಿತು! ಮುಂದಿನ ಮಂತ್ರವಂತೂ ಹೆಣದ ಪಕ್ಕ ಮಲಗಿದವಳನ್ನು ಎಬ್ಬಿಸಿ, ಬದುಕಿರುವವರ ಲೋಕಕ್ಕೆ ಬಾ ಎಂದು ಕರೆಯುತ್ತದೆ. ಸಂಸ್ಕೃತ ಬಲ್ಲ ಪಂಡಿತರಿಗೆ ಇದು ಕಾಣಲಿಲ್ಲವೇ? ಅರ್ಥ ಹೇಳುತ್ತಿದ್ದವರು ಗಂಡಸರು. ಉರಿಯುವ ಮೈ ಅವರದಾಗಿರಲಿಲ್ಲ.

ರಘುನಂದನನಿಗೂ ಮೊದಲೇ, 14ನೇ ಶತಮಾನದಲ್ಲಿ, ವಿಜಯನಗರದ ಆಶ್ರಯದಲ್ಲಿ ಸಾಯಣಾಚಾರ್ಯರು ಬರೆದ ಭಾಷ್ಯದಲ್ಲಿ ಪದ ‘ಅಗ್ರೇ’ ಎಂದೇ ಇದೆ, ಅರ್ಥ ಮನೆಗೆ ಬರುವುದೆಂದೇ ಇದೆ. ಅದೇ ವಿಜಯನಗರದಲ್ಲಿ ಸಹಗಮನವೂ ನಡೆಯುತ್ತಿತ್ತು. ಪ್ರವಾಸಿಗರು ಕಂಡು ಬರೆದಿಟ್ಟಿದ್ದಾರೆ. ಒಳ್ಳೆಯ ಭಾಷ್ಯ ಕಪಾಟಿನಲ್ಲಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಹಗಮನದ ವಿರುದ್ಧ ರಾಮಮೋಹನ ರಾಯರು ವರ್ಷಗಟ್ಟಲೆ ಶಾಸ್ತ್ರ ಹಿಡಿದೇ ವಾದಿಸಿದರು. ಸತಿ ನಿಷೇಧದ ಕಾನೂನು ಬಂದದ್ದು 1829ರ ಡಿಸೆಂಬರ್ 4ರಂದು. ಮೂಲಪಾಠ ‘ಅಗ್ರೇ’ ಎಂದು ಸಂಸ್ಕೃತ ವಿದ್ವಾಂಸ ಹೊರೇಸ್ ವಿಲ್ಸನ್ ಲೇಖನ ಮಂಡಿಸಿದ್ದು 1854ರಲ್ಲಿ. ಋಗ್ವೇದವನ್ನು ಬಾಯಿಪಾಠ ಮಾಡುವವರ ನಾಲಿಗೆಯಲ್ಲಾದರೋ ಆ ಪದ ಬದಲಾಗಿರಲೇ ಇಲ್ಲ.

ವೇದ ಅಪೌರುಷೇಯ ಎನ್ನುತ್ತಾರೆ ಮೀಮಾಂಸಕರು. ಇರಲಿ. ಅದನ್ನು ಬರೆದುಕೊಂಡ ಕೈ, ಅರ್ಥ ಹೇಳಿದ ಬಾಯಿ ಮನುಷ್ಯರದು. ‘ಶಾಸ್ತ್ರದಲ್ಲೇ ಇದೆ’ ಎಂದು ನಿಮ್ಮ ಮನೆಯ ಮಗಳನ್ನೋ ಸೊಸೆಯನ್ನೋ ಯಾರಾದರೂ ತಡೆದರೆ, ಯಾವ ಗ್ರಂಥ, ಎಷ್ಟನೇ ಶ್ಲೋಕ, ಯಾರು ಹೇಳಿದ ಅರ್ಥ ಎಂದು ಕೇಳಿ. ಪುಸ್ತಕ ತರಿಸಿ. ಹಿಂದಿನ, ಮುಂದಿನ ಶ್ಲೋಕಗಳನ್ನೂ ಓದಿಸಿ.