ಮಾತು ಹುಬ್ಬಳ್ಳಿಯದು, ಕತೆ ಯಾರದು?

ರಮೇಶ್ ಅರವಿಂದ್ ಅವರ ಚೊಚ್ಚಲ ನಿರ್ದೇಶನದ ‘ರಾಮ ಶಾಮ ಭಾಮ’ (2005) ಹಾಸ್ಯಚಿತ್ರದಲ್ಲಿ ಕಮಲ ಹಾಸನ್ ಹುಬ್ಬಳ್ಳಿ ಕನ್ನಡ ಮಾತನಾಡಿದರು. ಮೂಲವಾದ ತಮಿಳಿನ ‘ಸತಿ ಲೀಲಾವತಿ’ಯಲ್ಲಿ (1995) ಅವರು ಆಡಿದ್ದು ಕೊಂಗು ಸೀಮೆಯ ತಮಿಳು. ನಮ್ಮ ನುಡಿಯೊಡನೆ ನಮ್ಮ ಬದುಕೂ ತೆರೆಗೆ ಬಂದೀತೆಂಬ ಭರವಸೆ ಅವಳಿನಗರದಲ್ಲಿ ಹುಟ್ಟಿದ್ದರೆ ಅದು ಸಹಜ. ಭರವಸೆ ಫಲಿಸಲಿಲ್ಲ. ನುಡಿ ಬದಲಾದರೂ ಕತೆ ಕದಲಲಿಲ್ಲ. ದಾರಿತಪ್ಪಿದ ಗಂಡನ ಪೇಚಾಟ ಯಾವ ಊರಿನದಾದರೂ ಆಗಬಹುದಿತ್ತು. ಪ್ರೇಕ್ಷಕರನ್ನು ನಗಿಸಿದ್ದು ನಮ್ಮ ಉಚ್ಚಾರ ಮಾತ್ರ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು; ಬಟ್ಟೆಯ ಲಾಭ ಅಲ್ಲಿನ ಗಿರಣಿಗಳದಾಗಿತ್ತು. ನುಡಿಯೂ ಹೀಗೆ ಕಚ್ಚಾ ಸರಕಾಗಿ ರಫ್ತಾದರೆ ನಮಗೆ ಉಳಿಯುವುದೇನು? ಧಾರವಾಡದಲ್ಲಿ ನೆಲೆಸಿದ್ದ ಶ್ರೀರಂಗ, ಹುಬ್ಬಳ್ಳಿಯ ದಿವಂಗತ ಯಶವಂತ ಸರದೇಶಪಾಂಡೆ ಅವರಂಥವರು ರಂಗಭೂಮಿಯಲ್ಲಿ ಈ ನೂಲನ್ನು ಇಲ್ಲಿಯೇ ನೇಯ್ದರು. ಚಿತ್ರರಂಗದ ಮಗ್ಗವೂ ಇಲ್ಲಿಗೆ ಬರಬೇಕಾಗಿದೆ.