ಸರ್ವರ್‌ನ ಫೋಲ್ಡರ್ ತೆರೆಯುತ್ತಿಲ್ವಾ? ಎಲ್ಲರಿಗೂ ‘ಫುಲ್ ಕಂಟ್ರೋಲ್’ ಕೊಡುವ ಮೊದಲು ಇದನ್ನು ಓದಿ

ಬಂಟ್ವಾಳ: ಬಿ.ಸಿ.ರೋಡಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಬೆಳ್ತಂಗಡಿಯ ಫೋಟೋ ಸ್ಟುಡಿಯೋ ಇರಲಿ, ಮೂಡುಬಿದಿರೆಯಲ್ಲಿ ಜಿಎಸ್‌ಟಿ ಲೆಕ್ಕ ಬರೆಯುವ ಆಫೀಸ್ ಇರಲಿ, ಎರಡು ಮೂರು ಕಂಪ್ಯೂಟರ್ ಇದ್ದರೆ ಫೈಲ್‌ಗಳನ್ನೆಲ್ಲ ಒಂದೇ ಕಡೆ ಇಟ್ಟು ಎಲ್ಲರೂ ಅಲ್ಲಿಂದಲೇ ತೆಗೆಯುವುದು ಸುಲಭ. ಕೆಲವರು ಅದಕ್ಕೆಂದೇ ಸಿಗುವ ಸಣ್ಣ ಪೆಟ್ಟಿಗೆಯನ್ನು ತಂದು ರೂಟರ್‌ಗೆ ಸಿಕ್ಕಿಸಿರ್ತಾರೆ. ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳ ಈ ಪೆಟ್ಟಿಗೆಗೆ ನ್ಯಾಸ್ ಅಂತ ಹೆಸರು. ಇನ್ನು ಕೆಲವರು ಹಳೇ ವಿಂಡೋಸ್ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡಿರ್ತಾರೆ. ಮನೆಯ ಫೋಟೋ, ಮದುವೆ ವಿಡಿಯೋ, ಜಾಗದ ದಾಖಲೆ ಸ್ಕ್ಯಾನ್ ಮಾಡಿ ಹೀಗೆ ಇಟ್ಟವರೂ ಇದ್ದಾರೆ.

ಎಲ್ಲ ಸರಿ ಇರುವಾಗ ಅದರ ನೆನಪೇ ಇರುವುದಿಲ್ಲ. ಒಂದು ದಿನ ಬೆಳಿಗ್ಗೆ ಫೋಲ್ಡರ್ ಒತ್ತಿದರೆ ‘ಆಕ್ಸೆಸ್ ಡಿನೈಡ್’ ಅಂತ ಬರ್ತದೆ. ಗಿರಾಕಿ ಎದುರು ನಿಂತಿರ್ತಾರೆ. ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಆಗ್ತದೆ. ಒಂದೋ ‘ಎವ್ರಿಒನ್’ ಎಂಬ ಹೆಸರಿಗೆ ‘ಫುಲ್ ಕಂಟ್ರೋಲ್’ ಟಿಕ್ ಹಾಕಿ ಬಿಡುವುದು, ಇಲ್ಲವೇ ಪೆಟ್ಟಿಗೆಯ ಹಿಂದಿನ ರೀಸೆಟ್ ಬಟನ್ ಒತ್ತುವುದು. ಮೊದಲನೆಯದರಿಂದ ಫೋಲ್ಡರ್ ತೆರೆಯಬಹುದು, ಆದರೆ ಬೀಗವೇ ಇಲ್ಲದ ಹಾಗೆ ಆಗ್ತದೆ. ಎರಡನೆಯದರಿಂದ ಈ ಸಮಸ್ಯೆ ಪರಿಹಾರ ಆಗುವುದೇ ಇಲ್ಲ. ಸರಿಯಾದ ಕ್ರಮ ಬೇರೆಯೇ ಉಂಟು, ಕಷ್ಟದ್ದೂ ಅಲ್ಲ.

ಅನುಮತಿ ಅಂದ್ರೆ ಎಂತ?

ಪಹಣಿಯ ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಜಾಗದ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ಹಣ ಕಟ್ಟಿ ಪ್ರತಿ ಪಡೆಯಬಹುದು. ಆದರೆ ಅದರಲ್ಲಿ ಒಂದು ಅಕ್ಷರ ಬದಲಿಸಬೇಕಾದರೆ ಕಂದಾಯ ಇಲಾಖೆಯಲ್ಲಿ ಅಧಿಕಾರ ಇದ್ದವರೇ ಮಾಡಬೇಕು. ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಗೆ ಹೋಗುವ ವ್ಯವಸ್ಥೆ ತಂದದ್ದು ಇದಕ್ಕೇ. ಯಾರು ತಿದ್ದಿದ್ದು ಅಂತ ನಂತರ ಗೊತ್ತಾಗಬೇಕು.

ಶೇರ್ ಮಾಡಿದ ಫೋಲ್ಡರ್‌ನಲ್ಲೂ ಅಷ್ಟೇ. ಮೂರು ಬಗೆ ಉಂಟು. ನೋಡಲು ಮಾತ್ರ, ಅಂದರೆ ‘ರೀಡ್ ಓನ್ಲಿ’. ನೋಡಲು, ತಿದ್ದಲು, ಅಳಿಸಲು, ಅಂದರೆ ‘ರೀಡ್-ರೈಟ್’. ಒಳಗೇ ಬಿಡುವುದಿಲ್ಲ, ಅಂದರೆ ‘ನೋ ಆಕ್ಸೆಸ್’.

ಒಂದಲ್ಲ, ಎರಡು ಬಾಗಿಲು

ತುಂಬ ಜನ ಎಡವುವುದು ಇಲ್ಲೇ. ನೆಟ್‌ವರ್ಕ್ ಮೂಲಕ ಫೈಲ್ ತೆರೆಯುವಾಗ ಎರಡು ಕಡೆ ತಪಾಸಣೆ ಆಗ್ತದೆ. ಮೊದಲನೆಯದು ಶೇರ್‌ನ ಅನುಮತಿ, ಅದು ಅಂಗಡಿಯ ಶಟರ್ ಇದ್ದ ಹಾಗೆ. ಎರಡನೆಯದು ಒಳಗಿನ ಫೈಲ್, ಫೋಲ್ಡರ್‌ಗಳ ಸ್ವಂತ ಅನುಮತಿ, ಅದು ಒಳಗಿನ ಕಪಾಟಿನ ಬೀಗ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. ಶಟರ್ ಪೂರ್ತಿ ಎತ್ತಿದ್ದರೂ ಕಪಾಟಿಗೆ ಬೀಗ ಇದ್ದರೆ ಫೈಲ್ ಸಿಗುವುದಿಲ್ಲ. ‘ಎವ್ರಿಒನ್‌ಗೆ ಕೊಟ್ಟರೂ ತೆರೆಯುತ್ತಿಲ್ಲ ಮಾರಾಯ್ರೆ’ ಅನ್ನುವವರ ಕತೆ ಇದೇ.

ಒಂದು ಫೈಲ್ ತೆರೆದು ಪಕ್ಕದ್ದು ತೆರೆಯದಿದ್ದರೂ ಕಾರಣ ಅದೇ ಇರಬಹುದು. ವಿಂಡೋಸ್‌ನಲ್ಲಿ ಫೈಲನ್ನು ಕಾಪಿ ಮಾಡಿ ಹಾಕಿದರೆ ಅದು ಹೊಸ ಫೋಲ್ಡರಿನ ಅನುಮತಿ ಪಡೀತದೆ. ಅದೇ ಡ್ರೈವ್‌ನ ಒಳಗೆ ಕಟ್ ಮಾಡಿ ಹಾಕಿದರೆ ಹಳೇ ಅನುಮತಿಯೇ ಜೊತೆಗೆ ಬರಬಹುದು.

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ಡಿ ಡ್ರೈವ್‌ನ ಫೋಲ್ಡರ್ ತೆರೆಯದೇ ಇರುವುದೂ ಉಂಟು. ಹೊಸ ವಿಂಡೋಸ್‌ನಲ್ಲಿ ಹಳೇ ಹೆಸರನ್ನೇ ಇಟ್ಟರೂ ಒಳಗೆ ಕೊಡುವ ಗುರುತಿನ ಸಂಖ್ಯೆ ಬೇರೆ. ಫೋಲ್ಡರಿನ ‘ಸೆಕ್ಯುರಿಟಿ’ ಪುಟದಲ್ಲಿ ಹೆಸರಿನ ಬದಲು ಎಸ್-1-5 ಅಂತ ಶುರುವಾಗುವ ಉದ್ದ ಸಂಖ್ಯೆ ಕಂಡರೆ ಅದು ಈಗ ಇಲ್ಲದ ಹಳೇ ಬಳಕೆದಾರರ ಗುರುತು ಅಂತ ತಿಳಿಯಿರಿ.

ಮೊದಲು ನೋಡಿ: ಇದು ನಿಜವಾಗಿ ಅನುಮತಿಯ ಸಮಸ್ಯೆಯಾ?

ಅನುಮತಿಗೆ ಕೈ ಹಾಕುವ ಮೊದಲು ಈ ನಾಲ್ಕು ನೋಡಿಕೊಳ್ಳಿ.

1. ಸರ್ವರ್ ಸಿಗುತ್ತಾ ಇಲ್ವಾ? ಸಿಡಿಲಿಗೆ ರೂಟರ್ ಸುಟ್ಟು ಹೊಸದು ಹಾಕಿದರೆ, ಕೆಲವೊಮ್ಮೆ ಕರೆಂಟ್ ಹೋಗಿ ಬಂದರೂ, ನ್ಯಾಸ್‌ನ ಐಪಿ ವಿಳಾಸ ಬದಲಾಗಿರ್ತದೆ. ‘ಸಿಗುತ್ತಿಲ್ಲ’ ಅನ್ನುವ ಸಂದೇಶ ಬೇರೆ, ‘ಅನುಮತಿ ಇಲ್ಲ’ ಅನ್ನುವುದು ಬೇರೆ. ಮೊದಲನೆಯದಾದರೆ ರೂಟರ್‌ನಲ್ಲಿ ಹೊಸ ವಿಳಾಸ ಹುಡುಕಿ, ಅದನ್ನು ಬದಲಾಗದ ಹಾಗೆ ಕಾಯ್ದಿರಿಸಿ.

2. ಒಬ್ಬರಿಗೆ ಮಾತ್ರವಾ, ಎಲ್ಲರಿಗೂವಾ? ಒಂದೇ ಕಂಪ್ಯೂಟರ್‌ನಲ್ಲಿ ತೊಂದರೆ ಇದ್ದರೆ ಸರ್ವರ್ ಮುಟ್ಟಬೇಡಿ. ಆ ಕಂಪ್ಯೂಟರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು, ನೆನಪಿಟ್ಟುಕೊಂಡ ಹಳೇ ಪಾಸ್‌ವರ್ಡ್ ತೆಗೆದು, ರೀಸ್ಟಾರ್ಟ್ ಮಾಡಿ ನೋಡಿ.

3. ಒಂದೇ ಕಂಪ್ಯೂಟರ್‌ನಿಂದ ಎರಡು ಹೆಸರಾ? ಒಂದೇ ಸರ್ವರ್‌ಗೆ ಒಂದೇ ಸಮಯದಲ್ಲಿ ಎರಡು ಬೇರೆ ಲಾಗಿನ್‌ನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ಧಣಿಯ ಹೆಸರಲ್ಲಿ ಒಂದು ಫೋಲ್ಡರ್ ತೆರೆದಿಟ್ಟು ಹುಡುಗನ ಹೆಸರಲ್ಲಿ ಇನ್ನೊಂದು ತೆರೆಯಲು ಹೋದರೆ ತಪ್ಪು ತೋರಿಸ್ತದೆ.

4. ಪಾಸ್‌ವರ್ಡ್ ಇಲ್ಲದೆ ನಡೆಯುತ್ತಿತ್ತಾ? 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ನಂತರ ಪ್ರೊ ಆವೃತ್ತಿಯಲ್ಲಿ ‘ಗೆಸ್ಟ್’ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ, ನೆಟ್‌ವರ್ಕ್ ಫೋಲ್ಡರ್ ತೆರೆಯುವುದು ತಾನಾಗಿಯೇ ಬಂದ್ ಆಗಿದೆ. ಮೊನ್ನೆವರೆಗೆ ತೆರೆಯುತ್ತಿದ್ದದ್ದು ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಕಾರಣ ಇದಿರಬಹುದು. ಪರಿಹಾರ, ಸರ್ವರ್‌ನಲ್ಲಿ ಹೆಸರು-ಪಾಸ್‌ವರ್ಡ್ ಮಾಡಿಕೊಳ್ಳುವುದು.

ರೀಸೆಟ್ ಮಾಡುವ ಕ್ರಮ

ಈ ನಾಲ್ಕೂ ಅಲ್ಲ ಅಂತಾದರೆ ಅನುಮತಿಯನ್ನೇ ಹೊಸದಾಗಿ ಕೂರಿಸಬೇಕು.

ಮೊದಲು ಇಡೀ ಡೇಟಾವನ್ನು ಒಂದು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ಕಳಚಿ ಬೇರೆ ಇಡಿ.

ನಂತರ ಕಾಗದ, ಪೆನ್ನು ತೆಗೆದುಕೊಳ್ಳಿ. ಯಾವ ಫೋಲ್ಡರ್, ಯಾರಿಗೆ, ಎಷ್ಟು ಅಂತ ಬರೆಯಿರಿ. ಒಂದು ಸ್ಟುಡಿಯೋ ಅಂದುಕೊಳ್ಳಿ:

– ‘ಮದುವೆ ಒರಿಜಿನಲ್’: ಧಣಿಗೆ ರೀಡ್-ರೈಟ್, ಎಡಿಟಿಂಗ್ ಮಾಡುವವರಿಗೆ ರೀಡ್ ಓನ್ಲಿ, ಕೌಂಟರ್‌ನವರಿಗೆ ಇಲ್ಲ.
– ‘ಆಲ್ಬಮ್ ಕೆಲಸ’: ಧಣಿಗೆ, ಎಡಿಟಿಂಗ್‌ನವರಿಗೆ ರೀಡ್-ರೈಟ್, ಕೌಂಟರ್‌ನವರಿಗೆ ರೀಡ್ ಓನ್ಲಿ.
– ‘ಲೆಕ್ಕ’: ಧಣಿಗೆ, ಕೌಂಟರ್‌ನವರಿಗೆ ರೀಡ್-ರೈಟ್, ಎಡಿಟಿಂಗ್‌ನವರಿಗೆ ಇಲ್ಲ.

ಇಷ್ಟು ಮಾಡಿದರೆ ಎಡಿಟಿಂಗ್ ಹುಡುಗ ಕೈತಪ್ಪಿ ಡಿಲೀಟ್ ಒತ್ತಿದರೂ ಕ್ಯಾಮೆರಾದಿಂದ ಇಳಿಸಿದ ಮೂಲ ಫೋಟೋ ಹೋಗುವುದಿಲ್ಲ. ಮದುವೆಯ ಧಾರೆಯನ್ನು ಇನ್ನೊಮ್ಮೆ ಶೂಟ್ ಮಾಡಲಿಕ್ಕೆ ಆಗುವುದಿಲ್ಲವಲ್ಲ. ಒಂದು ಮಾತು, ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಬಳಸುವವರಿಗೆ ಅದರ ಡೇಟಾ ಫೋಲ್ಡರಿಗೆ ರೀಡ್-ರೈಟ್ ಬೇಕು. ಅಲ್ಲಿ ರೀಡ್ ಓನ್ಲಿ ಕೊಟ್ಟರೆ ಎಂಟ್ರಿ ಸೇವ್ ಆಗುವುದಿಲ್ಲ.

ಈಗ ಸರ್ವರ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿ. ‘ಎಡಿಟಿಂಗ್’, ‘ಕೌಂಟರ್’ ಅಂತ ಗುಂಪು ಮಾಡಿ ಅವರನ್ನು ಅದಕ್ಕೆ ಸೇರಿಸಿ, ಅನುಮತಿಯನ್ನು ಗುಂಪಿಗೆ ಕೊಡಿ. ನಾಳೆ ಒಬ್ಬ ಕೆಲಸ ಬಿಟ್ಟು ಹೋದರೆ ಅವನ ಲಾಗಿನ್ ಮಾತ್ರ ತೆಗೆದರೆ ಸಾಕು, ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಮೊದಲ ಬಾಗಿಲು: ಸಿನಾಲಜಿಯಲ್ಲಿ ಕಂಟ್ರೋಲ್ ಪ್ಯಾನೆಲ್, ಶೇರ್ಡ್ ಫೋಲ್ಡರ್, ಎಡಿಟ್, ಪರ್ಮಿಶನ್ಸ್. ಕ್ಯೂನ್ಯಾಪ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪ್ರಿವಿಲೇಜ್, ಶೇರ್ಡ್ ಫೋಲ್ಡರ್ಸ್. ವಿಂಡೋಸ್‌ನಲ್ಲಿ ಫೋಲ್ಡರಿನ ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಶನ್ಸ್.

ಎರಡನೇ ಬಾಗಿಲು: ಸಿನಾಲಜಿಯಲ್ಲಿ ಫೈಲ್ ಸ್ಟೇಷನ್ ತೆರೆದು ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಪರ್ಮಿಶನ್ ಪುಟಕ್ಕೆ ಹೋಗಿ, ಒಳಗಿನ ಫೋಲ್ಡರ್, ಫೈಲ್‌ಗಳಿಗೂ ಅನ್ವಯಿಸು ಎಂಬ ಟಿಕ್ ಹಾಕಿ. ವಿಂಡೋಸ್‌ನಲ್ಲಿ ಸೆಕ್ಯುರಿಟಿ, ಅಡ್ವಾನ್ಸ್ಡ್ ಒತ್ತಿದರೆ ಕೆಳಗೆ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಅಂತ ಶುರುವಾಗುವ ಟಿಕ್ ಉಂಟು. ಒಳಗಿನ ಎಲ್ಲದರ ಹಳೇ ಅನುಮತಿ ತೆಗೆದು ಈ ಫೋಲ್ಡರಿನದ್ದನ್ನೇ ಹಾಕು ಅಂತ ಅದರ ಅರ್ಥ. ನಿಜವಾದ ರೀಸೆಟ್ ಇದೇ. ಬದಲಿಸಲಿಕ್ಕೇ ಬಿಡದಿದ್ದರೆ ಅದೇ ಪುಟದ ಮೇಲ್ಗಡೆ ‘ಓನರ್’ ಬದಲಿಸಿ ನಿಮ್ಮ ಹೆಸರು ಹಾಕಿಕೊಳ್ಳಿ. ಇದನ್ನು ಡೇಟಾ ಇರುವ ಫೋಲ್ಡರಿಗೆ ಮಾತ್ರ ಮಾಡಿ. ವಿಂಡೋಸ್ ಇರುವ ಸಿ ಡ್ರೈವ್‌ಗೆ ಇಡಿಯಾಗಿ ಮಾಡಿದರೆ ಕಂಪ್ಯೂಟರೇ ಕೆಡಬಹುದು. ಮೊದಲು ಒಂದು ಸಣ್ಣ ಫೋಲ್ಡರಿನಲ್ಲಿ ಪ್ರಯೋಗಿಸಿ ನೋಡುವುದು ಒಳ್ಳೆಯದು.

ಕೊನೆಗೆ ಎಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಪ್ರತಿಯೊಬ್ಬರ ಲಾಗಿನ್‌ನಲ್ಲಿ ಒಂದು ಫೈಲ್ ತೆರೆಯಿರಿ, ಹೊಸದು ಸೇವ್ ಮಾಡಿ, ಅದನ್ನು ಅಳಿಸಿ. ತೆರೆಯಬಾರದ ಫೋಲ್ಡರ್ ತೆರೆಯುತ್ತಾ ಅಂತಲೂ ನೋಡಿ.

‘ನೋ ಆಕ್ಸೆಸ್’ ಟಿಕ್‌ನ ಬಲೆ

ಸಿನಾಲಜಿಯಲ್ಲಿ ‘ನೋ ಆಕ್ಸೆಸ್’ ಉಳಿದೆಲ್ಲಕ್ಕಿಂತ ಮೇಲು. ಒಬ್ಬರ ಹೆಸರಿಗೆ ರೀಡ್-ರೈಟ್ ಕೊಟ್ಟು, ಅವರು ಇರುವ ಯಾವುದೋ ಗುಂಪಿಗೆ ನೋ ಆಕ್ಸೆಸ್ ಹಾಕಿದರೆ ಅವರಿಗೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಅದರಲ್ಲಿ ಪ್ರತಿಯೊಬ್ಬರೂ ತಾನಾಗಿಯೇ ‘ಯೂಸರ್ಸ್’ ಎಂಬ ಗುಂಪಿನಲ್ಲಿ ಇರ್ತಾರೆ. ಭದ್ರತೆ ಜಾಸ್ತಿ ಮಾಡುವ ಅಂತ ಆ ಗುಂಪಿಗೆ ನೋ ಆಕ್ಸೆಸ್ ಹಾಕಿದರೆ ಧಣಿಯೂ ಹೊರಗೆ. ಕ್ಯೂನ್ಯಾಪ್‌ನಲ್ಲಿ, ವಿಂಡೋಸ್‌ನಲ್ಲಿ ‘ಡಿನೈ’ ಎಂಬುದೂ ಹೀಗೇ ಕೆಲಸ ಮಾಡ್ತದೆ. ಯಾರಿಗಾದರೂ ಕೊಡುವುದು ಬೇಡ ಅಂತಿದ್ದರೆ ಯಾವ ಟಿಕ್ಕೂ ಹಾಕದೆ ಖಾಲಿ ಬಿಡಿ. ಖಾಲಿ ಬಿಟ್ಟರೆ ಅನುಮತಿ ಇಲ್ಲ ಅಂತಲೇ ಅರ್ಥ.

ಹಿಂದಿನ ರೀಸೆಟ್ ಬಟನ್ ಯಾವುದಕ್ಕೆ?

ಅದು ಅಡ್ಮಿನ್ ಪಾಸ್‌ವರ್ಡ್ ಮರೆತವರಿಗೆ. ಸಿನಾಲಜಿಯಲ್ಲಿ ಸುಮಾರು 4 ಸೆಕೆಂಡ್ ಒತ್ತಿ ಹಿಡಿದು ಒಂದು ಬೀಪ್ ಕೇಳಿದ ಕೂಡಲೇ ಬಿಟ್ಟರೆ ಅಡ್ಮಿನ್ ಲಾಗಿನ್, ನೆಟ್‌ವರ್ಕ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗ್ತದೆ, ಫೈಲ್‌ಗಳು ಇರ್ತವೆ. ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡ್‌ಗೆ ಇಷ್ಟೇ ಆಗ್ತದೆ, 10 ಸೆಕೆಂಡ್ ಹಿಡಿದರೆ ಎಲ್ಲ ಸೆಟ್ಟಿಂಗ್ ಅಳಿಸಿ ಹೋಗ್ತದೆ. ನಂತರ ಪರದೆಯಲ್ಲಿ ‘ಇನಿಶಿಯಲೈಸ್’, ‘ಇರೇಸ್’, ‘ಫಾರ್ಮ್ಯಾಟ್’ ಎಂಬ ಪದ ಕಂಡರೆ ಅಲ್ಲೇ ನಿಲ್ಲಿಸಿ. ಅದಕ್ಕೆ ಓಕೆ ಒತ್ತಿದರೆ ಡೇಟಾ ಹೋಗ್ತದೆ. ರಿಪೇರಿಯವರಿಗೆ ಪೆಟ್ಟಿಗೆ ಕೊಡುವಾಗಲೂ ‘ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ’ ಅಂತ ಚೀಟಿಯಲ್ಲಿ ಬರೆದು ಅಂಟಿಸಿ.

ಎಲ್ಲರಿಗೂ ಕೊಟ್ಟರೆ ಎಂತ ಆಗ್ತದೆ?

‘ನಮ್ಮ ಹುಡುಗರೇ ಅಲ್ವಾ’ ಅನ್ನಬಹುದು. ಸಮಸ್ಯೆ ಹುಡುಗರ ನಂಬಿಕೆಯದ್ದಲ್ಲ. ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ರಾನ್ಸಮ್‌ವೇರ್ ಒಂದು ಕಂಪ್ಯೂಟರ್‌ಗೆ ಹೊಕ್ಕರೆ, ಆ ಲಾಗಿನ್‌ಗೆ ತಿದ್ದುವ ಅನುಮತಿ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಕೈ ಹಾಕ್ತದೆ. ಕೌಂಟರ್‌ನ ಕಂಪ್ಯೂಟರ್‌ಗೆ ‘ಲೆಕ್ಕ’ ಮಾತ್ರ ತೆರೆದಿದ್ದರೆ ಹೋಗುವುದು ಅಷ್ಟೇ. ಎಲ್ಲ ತೆರೆದಿದ್ದರೆ ಎಲ್ಲವೂ ಹೋಯಿತು.

ನ್ಯಾಸನ್ನು ನೇರ ಇಂಟರ್‌ನೆಟ್‌ಗೆ ತೆರೆದಿಟ್ಟರಂತೂ ಫೋಲ್ಡರಿನ ಅನುಮತಿ ಉಪಯೋಗಕ್ಕೆ ಬರುವುದೇ ಇಲ್ಲ. 2021ರ ಜೂನ್‌ನಲ್ಲಿ ಡಬ್ಲ್ಯೂಡಿಯ ಮೈ ಬುಕ್ ಲೈವ್ ಪೆಟ್ಟಿಗೆಗಳಿಗೆ ಹೊರಗಿನಿಂದ ನುಗ್ಗಿ ಡೇಟಾ ಅಳಿಸಿದ್ದರು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬುದು ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲ್ ಲಾಕ್ ಮಾಡಿ 0.03 ಬಿಟ್‌ಕಾಯಿನ್ ಕೇಳಿತ್ತು. ಮನೆಯಿಂದ ಫೈಲ್ ನೋಡುವ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಸಿದ್ದರೆ ತೆಗೆಸಿ.

ಅಂಗಡಿಯವರಿಗೆ ಇನ್ನೊಂದು ಲೆಕ್ಕವೂ ಉಂಟು. ಜಿಎಸ್‌ಟಿ ಕಾನೂನಿನ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಇಡಬೇಕು. ‘ಕಂಪ್ಯೂಟರ್‌ನಲ್ಲಿ ಇತ್ತು, ಹೋಯಿತು’ ಅಂದರೆ ಆ ಹೊಣೆ ತಪ್ಪುವುದಿಲ್ಲ.

ಕಂಪ್ಯೂಟರ್ ಅಂಗಡಿಯವರನ್ನು ಕರೆಸಿಯೇ ಮಾಡಿಸುವವರು ಮುಗಿದ ಮೇಲೆ ಮೂರು ಕೇಳಿ ಪಡೆಯಿರಿ: ಅಡ್ಮಿನ್ ಪಾಸ್‌ವರ್ಡ್, ಯಾರಿಗೆ ಯಾವ ಫೋಲ್ಡರ್ ಅನ್ನುವ ಪಟ್ಟಿ, ಮತ್ತೆ ನ್ಯಾಸ್‌ನ ಐಪಿ ವಿಳಾಸ. ಮೂರನ್ನೂ ಒಂದು ಕಾಗದದಲ್ಲಿ ಬರೆದು ಅಂಗಡಿಯ ಲೈಸೆನ್ಸ್ ಪತ್ರದ ಜೊತೆ ಕಪಾಟಿನಲ್ಲಿಡಿ. ಆ ಕಾಗದದ ಫೋಟೋ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ.