“ಯಾವ ಬುಕ್ ಓದಬೇಕ್ರಿ?”

ಕೃಷ್ಣೆಗೆ ಅಡ್ಡಲಾಗಿ ನಿಂತ ಬಸವಸಾಗರ ಅಣೆಕಟ್ಟಿನ ನೆರೆಯ ನಾರಾಯಣಪುರದಲ್ಲಿ, ಪದವಿ ಮುಗಿಸಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸರ್ಕಾರಿ ನೌಕರಿಯ ಪರೀಕ್ಷೆಗೆ ಅಣಿಯಾಗುತ್ತಿರುವ ತರುಣನೊಬ್ಬನು ರಾತ್ರಿ ಊಟವಾದ ಮೇಲೆ ತನ್ನ ಮೊಬೈಲಿನ ಅಧ್ಯಯನದ ಗುಂಪಿನಲ್ಲಿ “ಸರ್, ಪಿಡಿಒ ಪರೀಕ್ಷಾಕ್ಕ ಯಾವ ಬುಕ್ ಓದಬೇಕ್ರಿ?” ಎಂದು ಬರೆದನೆಂದು ಭಾವಿಸೋಣ. ಬೆಳಗಾಗುವಷ್ಟರಲ್ಲಿ ಉತ್ತರಗಳ ಮಹಾಪೂರ: ಒಬ್ಬನು ತಾನೋದಿದುದನ್ನು ಹೊಗಳುವನು, ಇನ್ನೊಬ್ಬನು ಓದದುದನ್ನೂ ಹೊಗಳುವನು, ಮೂರನೆಯವನು ತನ್ನ ತರಬೇತಿಯ ಟಿಪ್ಪಣಿಗಳ ಬೆಲೆಯನ್ನು ಸಾರಿದರೆ, ನಾಲ್ಕನೆಯವನು ಯಾರದೋ ಗ್ರಂಥದ ಕದ್ದ ಪಿಡಿಎಫ್ ಪ್ರತಿಯನ್ನು ದಾನಶೂರನಂತೆ ಹಂಚುವನು. ಮುಂದಿನ ವಾರ ಅದೇ ಪ್ರಶ್ನೆ, ಬೇರೊಬ್ಬನ ಬಾಯಲ್ಲಿ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ನಾರಾಯಣಪುರವೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ನೌಕರಿಗಳಲ್ಲಿ ಸ್ಥಳೀಯ ಮೀಸಲಾತಿಯನ್ನು ಒದಗಿಸಿದ ತರುವಾಯ ಇಂಥ ಆಶೆಗೆ ಆಧಾರವೂ ದೊರೆತಿರುವುದರಿಂದ, ಕೇಳುವವನನ್ನು ನೋಡಿ ನಗುವಂತಿಲ್ಲ. ಆದರೆ ಗುಂಪನ್ನು ಕಾಯುವ ಅಡ್ಮಿನ್ ಏನು ಮಾಡಬೇಕು? 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ತಂತ್ರಜ್ಞರ ಪ್ರಶ್ನೋತ್ತರ ಕೂಟವು, ಇಂಥ ಶಿಫಾರಸಿನ ಪ್ರಶ್ನೆಗಳು ಕೇವಲ ಅಭಿಪ್ರಾಯಗಳನ್ನೂ ಜಾಹೀರಾತುಗಳನ್ನೂ ಸೆಳೆಯುವುವೆಂಬ ಕಾರಣದಿಂದ, ಅವುಗಳ ಬಾಗಿಲನ್ನೇ ಮುಚ್ಚಿತು. ನಿಪುಣರ ಸಭೆಗೆ ಅದು ಸಲ್ಲಬಹುದು. ಪುಸ್ತಕದ ಅಂಗಡಿಗೆ ಬಸ್ಸು ಹತ್ತಿ ಹೋಗಬೇಕಾದವನ ಮುಂದೆ ಕದ ಹಾಕುವುದು ನನ್ನ ಮನಸ್ಸಿಗೆ ಒಗ್ಗದು. ಹಾಗೆಂದು ಎಲ್ಲವನ್ನೂ ಹರಿಯಬಿಡಲೂ ಆಗದು. ನಾರಾಯಣಪುರದ ಕಾಲುವೆಗಳಿಗೆ ಸರದಿಯಂತೆ ನೀರು ಬಿಡುವ ವಾರಬಂದಿ ಏಕೆಂಬುದನ್ನು ಅಲ್ಲಿಯ ರೈತರಿಗೆ ವಿವರಿಸಬೇಕಿಲ್ಲ: ಮೇಲಿನವರೇ ನೀರೆಲ್ಲವನ್ನೂ ಸೆಳೆದುಕೊಂಡರೆ ಕೊನೆಯಂಚಿನ ಹೊಲ ಒಣಗುವುದು, ಗುಂಪಿನಲ್ಲಿಯೂ ಗದ್ದಲದ ಪ್ರಶ್ನೆಯೊಂದರ ಕೆಳಗೆ ಗಹನವಾದ ಹತ್ತು ಪ್ರಶ್ನೆಗಳು ಉತ್ತರ ಕಾಣದೆ ಒಣಗುವುವು.

ನಡುದಾರಿಯ ಸುಳಿವು ಗ್ರಂಥಾಲಯದಲ್ಲಿದೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಒಂದು, ಪ್ರತಿಯೊಬ್ಬ ವಾಚಕನಿಗೂ ಅವನದೇ ಆದ ಗ್ರಂಥವು ದೊರೆಯಬೇಕೆನ್ನುತ್ತದೆ. ಇಲ್ಲಿ ‘ಒಳ್ಳೆಯ’ ಎಂಬ ವಿಶೇಷಣವಿಲ್ಲ, ‘ಅವನ’ ಎಂಬ ಸರ್ವನಾಮವಿದೆ. ವಾಚಕನಾರೆಂಬುದು ತಿಳಿಯುವ ಮೊದಲೇ ಗ್ರಂಥವನ್ನು ಸೂಚಿಸುವವನು ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನಿಗೆ ಸಮಾನ. ಆದುದರಿಂದ ಅಡ್ಮಿನ್ ಪ್ರಶ್ನೆಯನ್ನು ಅಳಿಸದೆ, ಉತ್ತರಗಳನ್ನು ತುಸು ತಡೆಹಿಡಿದು, ಮರುಪ್ರಶ್ನೆ ಹಾಕಲಿ: ಯಾವ ಪತ್ರಿಕೆ, ಇದುವರೆಗೆ ಓದಿದುದೇನು, ಎಡವಿದುದೆಲ್ಲಿ, ದಿನಕ್ಕೆಷ್ಟು ಹೊತ್ತು? ಉತ್ತರಿಸುವವನಿಗೂ ನಿಯಮವಿರಲಿ: ಪುಸ್ತಕದ ಹೆಸರಿನೊಡನೆ ಮುದ್ರಣದ ವರ್ಷವನ್ನೂ, ಮೆಚ್ಚಿದ ಕಾರಣವನ್ನೂ, ಮಾರುವವನು ತಾನೇ ಆಗಿದ್ದರೆ ಆ ಸಂಗತಿಯನ್ನೂ ಹೇಳತಕ್ಕದ್ದು. ಪಠ್ಯಕ್ರಮ ಬದಲಾದಂತೆ ಹಳೆಯ ಶಿಫಾರಸು ಹಳಸುವುದರಿಂದ, ಪಿನ್ ಮಾಡಿಟ್ಟ ಪಟ್ಟಿಯನ್ನು ಆಗಾಗ ತಿದ್ದುವ ಕೆಲಸ ಮಾತ್ರ ಅಡ್ಮಿನ್ನಿನ ಕೊರಳಿಗೇ ಬೀಳುವುದು, ಅದಕ್ಕೆ ಸಂಬಳವಿಲ್ಲ.

ಹೀಗೆ ಕೆದಕಿದಾಗ ನಮ್ಮ ತರುಣನ ಪ್ರಶ್ನೆಯ ರೂಪವೇ ಬೇರೆಯಾಗುವುದು: ಶಾಲೆಯ ಸಮಾಜವಿಜ್ಞಾನವನ್ನು ಮುಗಿಸಿದ್ದೇನೆ, ಆದರೆ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ವಾರ್ಡ್‌ಸಭೆಗೂ ಗ್ರಾಮಸಭೆಗೂ ಇರುವ ಭೇದವು ಗೈಡಿನಿಂದ ತಿಳಿಯುತ್ತಿಲ್ಲ. ಈ ಸಲ ಉತ್ತರಗಳ ಮಹಾಪೂರ ಬರಲಾರದು. ಎರಡು ದಿನ ಕಳೆದು ಒಂದೇ ಬಂದೀತು: “ಮೊದಲ ಕಾಯ್ದೇನ ಓದು ತಮ್ಮಾ, ಗೈಡ್ ಆಮ್ಯಾಲ ನೋಡೂಣಂತ.”